ಮೆಣಸಿನಕಾಯಿ ರೇಟು ಬಿದ್ರೆ ನಂಗ್ಯಾಕೆ ಒಂದು ಸ್ಟಾರು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಮತ್ತೆ ಆಫೀಸು. ಮೊನ್ನೆ ಗೆಳೆಯನೊಬ್ಬ "ನಿನ್ನ ಆಪ್‌ಗೆ ಬಂದ ಕೆಟ್ಟ ರಿವ್ಯೂಗಳಿಗೆಲ್ಲ ಕೂತು ಉತ್ತರ ಬರೀತೀಯಲ್ಲೋ, ನಿಂಗೆ ಬೇರೆ ಕೆಲ್ಸ ಇಲ್ವಾ?" ಅಂತ ಕೇಳಿದ. ಇದೆ ಮಾರಾಯ, ಬೇಕಾದಷ್ಟಿದೆ. ಆದ್ರೂ ಬರೀತೀನಿ. ಯಾಕೆ ಅಂತ ಅವನಿಗೆ ಹೇಳೋಕೆ ಹೋಗಿ ಅದು ಇಷ್ಟುದ್ದ ಆಗಿದ್ದರಿಂದ ಇಲ್ಲೇ ಹಾಕ್ತಿದೀನಿ.

ಹೊಸಬರಿಗೆ ಹಿನ್ನೆಲೆ: ನಮ್ಮೂರು ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ. ಹೊಟ್ಟೆಪಾಡಿಗೆ ಬೆಂಗಳೂರು. ಶನಿವಾರ ಭಾನುವಾರ ಕೂತು ಒಂದು ಸಣ್ಣ ಆಂಡ್ರಾಯ್ಡ್ ಆಪ್ ಮಾಡಿದೀನಿ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮಾರ್ಕೆಟ್ಟುಗಳಲ್ಲಿ ಮೆಣಸಿನಕಾಯಿ, ಗೋವಿನಜೋಳ, ಹತ್ತಿ ಇವತ್ತು ಏನು ರೇಟು ಅಂತ ತೋರಿಸುತ್ತೆ, ಅಷ್ಟೇ. ರೇಟು ನಂದಲ್ಲ, ಸರ್ಕಾರ ದಿನಾ ಪ್ರಕಟಿಸೋದು. ನಾನು ಅದನ್ನ ತಗೊಂಡು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ನೆಟ್‌ವರ್ಕ್ ಇಲ್ಲದಾಗಲೂ ಹಿಂದಿನ ದಿನದ್ದು ಕಾಣೋ ಹಾಗೆ ಇಟ್ಟಿದೀನಿ. ದುಡ್ಡಿಲ್ಲ, ಜಾಹೀರಾತಿಲ್ಲ. ಮೂರು ಸಾವಿರ ಚಿಲ್ಲರೆ ಜನ ಹಾಕ್ಕೊಂಡಿದಾರೆ. ನಂಗದೇ ದೊಡ್ಡದು.

ಬಗ್ ತೋರಿಸಿ ಬೈದವರ ಬಗ್ಗೆ ಅಲ್ಲ ಈ ಬರಹ. ಅಂಥವರು ಪುಕ್ಕಟೆ ಟೆಸ್ಟರುಗಳು, ಅವರ ಕಾಲಿಗೆ ಬಿದ್ದರೂ ತಪ್ಪಿಲ್ಲ. ನಾನು ಹೇಳ್ತಿರೋದು ಈ ಥರದವುಗಳ ಬಗ್ಗೆ:

"ರೇಟ್ ಬಿದ್ದೈತಿ. ವೇಸ್ಟ್ ಆಪ್." ಒಂದು ಸ್ಟಾರ್.

"ಇದ್ರಾಗ ತೋರಸೂದೊಂದು, ಮಾರ್ಕೆಟ್ಟಿನ್ಯಾಗ ಸಿಗೂದೊಂದು. ಸುಳ್ಳ." ಒಂದು ಸ್ಟಾರ್.

"ದಲಾಲರ ಕಡೆಯವರು ಮಾಡಿದ ಆಪ್ ಐತಿ, ಯಾರೂ ನಂಬಬ್ಯಾಡ್ರಿ." ಇದಕ್ಕೂ ಒಂದು ಸ್ಟಾರ್. ಸೊನ್ನೆ ಇದ್ದಿದ್ರೆ ಸೊನ್ನೇನೇ ಕೊಡ್ತಿದ್ರು ಅನ್ಸತ್ತೆ.

ಮೊದಲನೆಯದನ್ನ ಓದಿ ನಕ್ಕೆ. ಮೂರನೆಯದಕ್ಕೆ ನಗು ಬರಲಿಲ್ಲ. ಯಾಕಂದ್ರೆ ಅದು ಸ್ಟೋರಿನಲ್ಲೇ ನಿಲ್ಲಲಿಲ್ಲ. ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯಲ್ಲಿ ಯಾರೋ ನಮ್ಮಪ್ಪನ್ನ "ನಿಮ್ಮ ಹುಡುಗ ದಲಾಲರ ಕಡೆ ಕೆಲ್ಸಾ ಮಾಡ್ತಾನಂತಲ್ರಿ?" ಅಂತ ಕೇಳಿದ್ರಂತೆ. ಅಪ್ಪ ಫೋನಿನಲ್ಲಿ ಅದನ್ನ ಜೋರಾಗಿ ಏನೂ ಹೇಳಲಿಲ್ಲ, "ಹಂಗೇನರ ಐತೇನಪಾ?" ಅಂತ ಕೇಳಿದರು. ಅಷ್ಟೇ. ನಮ್ಮ ಕಡೆ ರೈತನ ಮಗನಿಗೆ ಇದಕ್ಕಿಂತ ಕೆಟ್ಟ ಬೈಗುಳ ಕಡಿಮೆ.

ಎರಡನೆಯವರು ಸುಳ್ಳು ಅಂತ ಯಾಕಂದ್ರು ಅನ್ನೋದು ನಂಗೆ ಚೆನ್ನಾಗಿ ಅರ್ಥ ಆಗುತ್ತೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಮಾರ್ಕೆಟ್ ರೇಟು ಅಂದ್ರೆ ಒಂದು ಸಂಖ್ಯೆ ಅಲ್ಲ, ಮೂರು. ಕನಿಷ್ಠ, ಗರಿಷ್ಠ, ಮಾದರಿ. ಗರಿಷ್ಠ ಅಂದ್ರೆ ಅವತ್ತು ಇಡೀ ಮಾರ್ಕೆಟ್ಟಿನಲ್ಲಿ ಯಾವುದೋ ಒಂದು ಲಾಟಿಗೆ, ಅದೂ ಒಂದೇ ಒಂದಕ್ಕಿರಬಹುದು, ಬಿದ್ದ ಅತಿ ಹೆಚ್ಚಿನ ಬೆಲೆ. ಮಾದರಿ ಅಂದ್ರೆ ಹೆಚ್ಚು ಮಾಲು ಹೋದ ಬೆಲೆ. ಇನ್ನು ಬ್ಯಾಡಗಿಯಲ್ಲಿ ಬರೀ ಮೆಣಸಿನಕಾಯಿ ಅಂತ ಇಲ್ಲ. ಡಬ್ಬಿ ಬೇರೆ, ಕಡ್ಡಿ ಬೇರೆ, ಗುಂಟೂರು ಬೇರೆ. ಸಾಮಾನ್ಯವಾಗಿ ಡಬ್ಬಿಗೆ ಹೆಚ್ಚು. ಅದರಲ್ಲೂ ಬಣ್ಣ ಹೆಂಗಿದೆ, ಹಸಿ ಎಷ್ಟಿದೆ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿಂದ ತೆಗೆದ ಹೋದ ವರ್ಷದ್ದೋ ಅನ್ನೋದರ ಮೇಲೆ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಅಕ್ಕಪಕ್ಕದ ಎರಡು ರಾಶಿಗೆ ಅಜಗಜಾಂತರ. ಉದಾಹರಣೆಗೆ (ಲೆಕ್ಕಕ್ಕೆ ಅಷ್ಟೇ, ಯಾವ ದಿನದ ರೇಟೂ ಅಲ್ಲ) ಕನಿಷ್ಠ 3,000, ಗರಿಷ್ಠ 35,000, ಮಾದರಿ 18,000 ಅಂತ ಇದೆ ಅಂದ್ಕೊಳ್ಳಿ. ಊರಿಂದ ಚೀಲ ಹೇರಿಕೊಂಡು ಹೊರಟವನ ಕಣ್ಣು ಮೂರರಲ್ಲಿ ಯಾವುದರ ಮೇಲೆ ನಿಲ್ಲುತ್ತೆ? 35,000ದ ಮೇಲೆ. ಟೆಂಡರಿನಲ್ಲಿ ಅವನ ಲಾಟಿಗೆ 16,000 ಬಿತ್ತು. ಆಗ ಅವನ ಕೈಯಲ್ಲಿ ಫೋನು, ಫೋನಿನಲ್ಲಿ 35,000 ಅಂತ ತೋರಿಸ್ತಿರೋ ನನ್ನ ಆಪು! ಸುಳ್ಳುಗಾರ ನಾನಲ್ಲದೆ ಇನ್ಯಾರು?

ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಸೋಮವಾರ, ಗುರುವಾರ ಮಾರ್ಕೆಟ್. 2024ರ ಮಾರ್ಚ್ 11 ಒಂದು ಸೋಮವಾರ. ಅವತ್ತು ರೇಟು ಕುಸೀತು ಅಂತ ರೊಚ್ಚಿಗೆದ್ದ ರೈತರು ಎಪಿಎಂಸಿ ಆಫೀಸಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದಿದ್ದು ನೀವೂ ಟೀವಿಯಲ್ಲಿ ನೋಡಿರ್ತೀರಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಟೆಂಡರ್ ಬರೆಯೋರು ಖರೀದಿದಾರರು. ಅವರ ಹಿಂದೆ ಎಲ್ಲೋ ದೂರದ ಮಸಾಲೆ ಕಂಪನಿ, ಬಣ್ಣ ತೆಗೆಯೋ ಫ್ಯಾಕ್ಟರಿ, ರಫ್ತು. ಬಳ್ಳಾರಿ ರಾಯಚೂರು ಆಂಧ್ರದ ಕಡೆಯಿಂದ ಬಂದು ಬೀಳೋ ಮಾಲು ಬೇರೆ. ಇವ್ಯಾವುವೂ ರೈತನ ಕೈಗೆ ಸಿಗೋದಿಲ್ಲ. ಸಿಗೋದು ಎದುರಿಗಿರೋ ಕಟ್ಟಡ. ಕಟ್ಟಡವೂ ಸಿಗದವನಿಗೆ ಫೋನಿನಲ್ಲಿ ಐದು ಸ್ಟಾರುಗಳ ಸಾಲು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಆ ಗಾದೆಯಲ್ಲಿ ಅತ್ತೆ ಬಗ್ಗೆ, ಸೊಸೆ ಬಗ್ಗೆ ಎಲ್ಲರೂ ಮಾತಾಡ್ತಾರೆ. ಕೊತ್ತಿ ಏನು ಮಾಡ್ಬೇಕು ಅಂತ ಯಾರೂ ಹೇಳಿಲ್ಲ ನೋಡಿ. ನನ್ನಂಥ ಸಣ್ಣ ಡೆವಲಪರುಗಳು ಕೊತ್ತಿಗಳು. ಈ ಪೋಸ್ಟು ಕೊತ್ತಿಯ ಕಡೆಯಿಂದ :)

ಮೊದಲು ಪೆಟ್ಟು ಎಷ್ಟು ಅಂತ ಲೆಕ್ಕ ಹಾಕೋಣ. ನಿಮ್ಮ ಆಪ್‌ಗೆ ಒಂಬತ್ತು ಜನ ಐದು ಸ್ಟಾರ್ ಕೊಟ್ಟಿದಾರೆ. ಹತ್ತನೆಯವರು ಒಂದು ಕೊಟ್ಟರು. ಸರಾಸರಿ 5ರಿಂದ 4.6ಕ್ಕೆ ಇಳೀತು. ಅದು 4.9ಕ್ಕೆ ಏರಬೇಕಂದ್ರೆ ಒಟ್ಟು 39 ಜನ ಐದು ಕೊಟ್ಟಿರಬೇಕು, ಅಂದ್ರೆ ಇನ್ನೂ ಮೂವತ್ತು ಜನ. ಅದೇ ಲಕ್ಷ ರೇಟಿಂಗ್ ಇರೋ ಆಪ್‌ಗೆ ಒಬ್ಬ ಸಿಟ್ಟಿನಲ್ಲಿ ಒಂದು ಸ್ಟಾರ್ ಒಗೆದರೆ ಆನೆ ಮೇಲೆ ಸೊಳ್ಳೆ ಕೂತಂಗೆ. ಗೂಗಲ್ 2019ರಿಂದ ಹಳೆಯ ರೇಟಿಂಗಿಗಿಂತ ಹೊಸದಕ್ಕೆ ಹೆಚ್ಚು ತೂಕ ಕೊಡ್ತಿದೆ. ಹಂಗಾಗಿ ರೇಟು ಬಿದ್ದ ವಾರ ಬಂದ ನಾಲ್ಕು ಬೈಗುಳಕ್ಕೆ ವರ್ಷಗಟ್ಟಲೆ ಮಾಡಿದ ಒಳ್ಳೆ ಹೆಸರು ಅಡ್ಡ ನಿಲ್ಲೋದಿಲ್ಲ. ಈ ವ್ಯವಸ್ಥೆಯನ್ನ ಆನೆಗಳ ಅಳತೆಗೆ ಹೊಲಿದಿದಾರೆ, ಹಾಕ್ಕೊಳ್ಳೋರು ಇಲಿಗಳು.

ದೊಡ್ಡವರಿಗೂ ಅನ್ಯಾಯದ ರಿವ್ಯೂ ಬೀಳುತ್ತೆ, ಇಲ್ಲ ಅನ್ನಲ್ಲ. 2017ರ ಏಪ್ರಿಲ್ ನೆನಪಿದೆಯಾ? ಸ್ನಾಪ್‌ಚಾಟ್‌ನ ಒಡೆಯ ಭಾರತವನ್ನ ಬಡ ದೇಶ ಅಂದನಂತೆ ಅಂತ ಸುದ್ದಿಯಾಯ್ತು (ಕಂಪನಿ ಅದನ್ನ ಅಲ್ಲಗಳೆಯಿತು). ನಮ್ಮ ಜನ ಸಿಟ್ಟಿಗೆದ್ದು ಹೋಗಿ ಸ್ನಾಪ್‌ಡೀಲ್‌ಗೆ ಒಂದು ಸ್ಟಾರ್ ಕೊಟ್ಟು ಬಂದರು! ಹೆಸರಿನಲ್ಲಿ ಸ್ನಾಪ್ ಇದ್ದಿದ್ದೇ ತಪ್ಪು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕಬೇಡಿ. 2020ರ ಮೇ ತಿಂಗಳಲ್ಲಿ ಟಿಕ್‌ಟಾಕ್‌ನ ಮೇಲೆ ಜನ ಮುಗಿಬಿದ್ದು ರೇಟಿಂಗನ್ನ ಒಂದೂಕಾಲರ ಆಸುಪಾಸಿಗೆ ಇಳಿಸಿದರು. ಗೂಗಲ್ ಲಕ್ಷಗಟ್ಟಲೆ ರಿವ್ಯೂ ಅಳಿಸಿ ಮತ್ತೆ ನಾಲ್ಕರ ಮೇಲೆ ಹತ್ತಿಸಿತು. (ಮುಂದಿನ ತಿಂಗಳೇ ಸರ್ಕಾರ ಆ ಆಪನ್ನೇ ನಿಷೇಧಿಸಿತು, ಅದು ಬೇರೆ ಕಥೆ.) ಸಿನಿಮಾದವರು ಕೋರ್ಟಿಗೆ ಹೋಗ್ತಾರೆ. 2025ರ ಡಿಸೆಂಬರಿನಲ್ಲಿ ದರ್ಶನ್ ಅವರ 'ದಿ ಡೆವಿಲ್' ಬಂದಾಗ ಬುಕ್‌ಮೈಶೋದಲ್ಲಿ ಕೋರ್ಟ್ ಆದೇಶದಂತೆ ರೇಟಿಂಗನ್ನೇ ಬಂದ್ ಮಾಡಿದ್ದರು. ನಂಗೆ ಕೋರ್ಟಿಗೆ ಹೋಗೋ ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ಚೆನ್ನಾಗಿಲ್ಲ ಅನ್ನೋರ ಬಾಯಿ ಮುಚ್ಚಿಸಿ ಚೆನ್ನಾಗಿದೆ ಅನ್ನಿಸ್ಕೊಳ್ಳೋದು ಎಂಥ ಸುಖ?

ಕಾನೂನು ಇಲ್ವಾ ಅಂತ ಕೇಳ್ತೀರಿ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ರಿವ್ಯೂಗಳಿಗೆ ಅಂತ ಐಎಸ್ 19000:2022 ಅನ್ನೋ ಮಾನದಂಡ ತಂತು. ಸುಳ್ಳು ರಿವ್ಯೂ, ದುಡ್ಡು ಕೊಟ್ಟು ಬರೆಸಿದ ರಿವ್ಯೂ ತಡೆಯೋದು ಅದರ ಉದ್ದೇಶ, ಅದೂ ಕಂಪನಿಗಳು ಇಷ್ಟ ಇದ್ರೆ ಪಾಲಿಸೋ ಹಾಗೆ ಬಂದಿದ್ದು. ಆದ್ರೆ ನನ್ನ ರಿವ್ಯೂಗಾರರು ನಕಲಿ ಅಲ್ಲ. ನಿಜವಾದ ರೈತರು, ನಿಜವಾದ ನಷ್ಟ, ನಿಜವಾದ ಸಿಟ್ಟು. ಸಿಟ್ಟು ಬಂದು ನಿಂತ ಮನೆ ಬಾಗಿಲು ಮಾತ್ರ ತಪ್ಪು. ಇದಕ್ಕೆ ಯಾವ ಮಾನದಂಡ ಬರೆಯೋಕಾಗುತ್ತೆ?

ಹಂಗಾದ್ರೆ ಕೊತ್ತಿ ಏನು ಮಾಡ್ಬೇಕು?

ನನ್ನ ಗೆಳೆಯನ ಪ್ರಕಾರ ಸುಮ್ಮನಿರಬೇಕು. ಆಡೋರ ಬಾಯಿಗೆ ಬೀಗ ಹಾಕೋಕಾಗಲ್ಲ ಅಂತಾನೆ. ಇದನ್ನ ನಾನು ಒಪ್ಪಲ್ಲ. ಬ್ಲಾಗು ಬರೆಯೋ ನಮಗೆ ಅನಾನಿಮಸ್ಸುಗಳು ಹೊಸಬರೇನಲ್ಲ. ಆದ್ರೆ ಇಲ್ಲಿ ಅತಿ ಆಯ್ತು ಅಂದ್ರೆ ಅಳಿಸೋ ಅಧಿಕಾರ ನಮ್ಮ ಕೈಯಲ್ಲಿದೆ. ಸ್ಟೋರಿನಲ್ಲಿ ಇಲ್ಲ. ದೂರು ಕೊಡಬಹುದು, ತೆಗೆಯೋದು ಬಿಡೋದು ಗೂಗಲ್ಲಿಗೆ ಬಿಟ್ಟಿದ್ದು. 'ದಲಾಲರ ಕಡೆಯವರು' ಅನ್ನೋ ಮಾತು ನನ್ನ ಹೆಸರಿನ ಕೆಳಗೆ ಉತ್ತರ ಇಲ್ಲದೆ ನಿಂತಿದ್ರೆ ನಾಳೆ ಓದೋನು ಅದನ್ನ ಒಪ್ಪಿಗೆ ಅಂತಲೇ ತಿಳ್ಕೋತಾನೆ. ಗೊಬ್ಬರದ ಅಂಗಡಿಯವರು ತಿಳ್ಕೊಂಡ ಹಾಗೆ.

ಇನ್ನೊಬ್ಬ ಹೇಳಿದ ಉಪಾಯ: "ನಮ್ಮ ಬ್ಯಾಚಿನ ಅರವತ್ತು ಜನಕ್ಕೂ ಹೇಳ್ತೀನಿ, ಎಲ್ಲಾ ಐದೈದು ಒತ್ತಿಬಿಡ್ತಾರೆ." ಒಬ್ಬನಾದ್ರೂ ಜೀವಮಾನದಲ್ಲಿ ಮೆಣಸಿನಕಾಯಿ ಮಾರಿದಾನಾ? ರೈತರು ಸಿಟ್ಟಿನಲ್ಲಿ ಸುಳ್ಳು ಹೇಳಿದ್ರು, ನಾನು ತಣ್ಣಗೆ ಕೂತು ಸುಳ್ಳು ಹೇಳಿಸಬೇಕಂತೆ. ಬೇಡ.

ಇವೆರಡಕ್ಕಿಂತ ನಂಗೆ ಹೆಚ್ಚು ಸಿಟ್ಟು ಬರೋದು ಕಂಪನಿ ಮಾದರಿ ಉತ್ತರದ ಮೇಲೆ. ನೀವೂ ನೋಡಿರ್ತೀರಿ. "ಪ್ರಿಯ ಬಳಕೆದಾರರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ನಮಗೆ ಇಮೇಲ್ ಮಾಡಿ." ಯಾವ ರಿವ್ಯೂ ಬಂದ್ರೂ ಅದೇ ಅಂಟು ಚೀಟಿ. ನನ್ನ ಜೊತೆ ಕೆಲಸ ಮಾಡೋರೂ ಇದನ್ನೇ ಸಲಹೆ ಮಾಡಿದರು. ವಿನಯವಾಗಿರು, ಕ್ಷಮೆ ಕೇಳು, ಯಾರಿಗೇನು ನಷ್ಟ? ನಷ್ಟ ಇದೆ. "ದಲಾಲರ ಕಡೆಯವರು" ಅಂತ ಒಬ್ಬರು ಬರೆದು, ಕೆಳಗೆ ನಾನು "ವಿಷಾದಿಸುತ್ತೇನೆ" ಅಂತ ಬರೆದರೆ ಅದರ ಅರ್ಥ ಏನಾಯ್ತು? ಹೌದು, ಸಿಕ್ಕಿಬಿದ್ದೆ ಅಂತ! ಮಾಡದ ತಪ್ಪಿಗೆ ಕೇಳೋ ಕ್ಷಮೆ ಸೌಜನ್ಯ ಅಲ್ಲ, ಅದೂ ಒಂದು ಸುಳ್ಳೇ. ಜೊತೆಗೆ ಆ ಮನುಷ್ಯನ್ನ ಮಾತಾಡಿಸೋ ಕಷ್ಟ ತಪ್ಪಿಸಿಕೊಳ್ಳೋ ಉಪಾಯ. ತಪ್ಪು ನಿಮ್ಮದಾಗಿದ್ರೆ ಕ್ಷಮೆ ಕೇಳಿ, ಸರಿಪಡಿಸಿ. ಅಲ್ಲದಿದ್ರೆ ಕೇಳಬೇಡಿ. ಆದ್ರೆ ಉತ್ತರ ಕೊಡದೆ ಇರಬೇಡಿ. ನನ್ನ ವಾದ ಇಷ್ಟೇ.

ಉತ್ತರ ಸ್ಟಾರಿಗಲ್ಲ, ಮಾತಿಗೆ. "ಸ್ಟಾರ್ ಬದಲಾಯಿಸಿ ಪ್ಲೀಸ್" ಅಂತ ನಾನು ಯಾವತ್ತೂ ಬರೆಯೋದಿಲ್ಲ, ಭಿಕ್ಷೆ ಬೇಡಿದ ಹಂಗಾಗುತ್ತೆ. ಅವರು ಹೇಳಿದ್ದರಲ್ಲಿ ಯಾವುದು ನಿಜ ಅಲ್ಲವೋ ಅದನ್ನ ಅಲ್ಲ ಅಂತ ಹೇಳಿ, ಯಾಕೆ ಅಲ್ಲ ಅಂತ ಹೇಳಿ, ಒಂದು ಪ್ರಶ್ನೆ ಕೇಳ್ತೀನಿ. ದಲಾಲರ ಕಡೆಯವನು ಅಂದವರಿಗೆ ಬರೆದದ್ದು ಹೀಗಿತ್ತು:

"ನಮಸ್ಕಾರ ಅಣ್ಣಾರ. ನಾನು ಯಾವ ದಲಾಲಿ ಅಂಗಡಿಯವನೂ ಅಲ್ಲ, ಈ ಆಪಿನಿಂದ ದುಡ್ಡೂ ಬರೋದಿಲ್ಲ. ಇಲ್ಲಿರೋದು ಸರ್ಕಾರ ಪ್ರಕಟಿಸಿದ ರೇಟು, ನಾನು ಒಂದು ರೂಪಾಯಿಯೂ ಬದಲಾಯಿಸೋದಿಲ್ಲ. ಗರಿಷ್ಠ ಅಂದ್ರೆ ಒಂದೇ ಲಾಟಿಗೆ ಸಿಕ್ಕಿದ್ದಿರಬಹುದು, ಮಾದರಿ ರೇಟು ನೋಡ್ರಿ. ನಿಮ್ಮ ಮಾಲು ಡಬ್ಬಿಯೋ ಕಡ್ಡಿಯೋ, ಯಾವ ದಿನ ಮಾರಿದ್ರಿ?"

ಇಷ್ಟು ಬರೆಯೋಕೆ ಅರ್ಧ ಗಂಟೆ ಹಿಡೀತು. ಯಾಕಂದ್ರೆ ಪ್ಲೇ ಸ್ಟೋರಿನಲ್ಲಿ ಡೆವಲಪರ್ ಉತ್ತರಕ್ಕೆ 350 ಕ್ಯಾರೆಕ್ಟರ್ ಮಿತಿ. ಯೂನಿಕೋಡ್ ಕುಟ್ಟೋ ನಿಮಗೆ ಬೇರೆ ಹೇಳಬೇಕಾ? ನಮ್ಮ ಲೆಕ್ಕದಲ್ಲಿ 'ಮೆಣಸಿನಕಾಯಿ' ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏತ್ವ, ಗುಡಿಸು, ದೀರ್ಘ ಎಲ್ಲಾ ಬೇರೆ ಬೇರೆ ಸೇರಿ ಹತ್ತು. 'ಸ್ತ್ರೀ' ಅನ್ನೋ ಒಂದೇ ಅಕ್ಷರಕ್ಕೆ ಆರು ಮನೆ ಬೇಕು. ಅಂದ್ರೆ ನಮ್ಮ ಕನ್ನಡಕ್ಕೆ ಸಿಗೋದು ಹೇಳೋಕೆ 350, ನಿಜಕ್ಕೂ ಇನ್ನೂರು ಚಿಲ್ಲರೆ ಅಕ್ಷರ. ಆದ್ರೂ ಕನ್ನಡದಲ್ಲೇ ಬರೀತೀನಿ. ನಮ್ಮೂರ ಮಾತಿನಲ್ಲಿ ಬೈದವರಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವರು ದಲಾಲರ ಕಡೆಯವನಲ್ಲ, ಕಲೆಕ್ಟರ್ ಆಫೀಸಿನ ಕಡೆಯವನು ಅಂದ್ಕೋತಾರೆ. ಅದು ಇನ್ನೂ ಕೆಟ್ಟದ್ದು :)

ನಮ್ಮ ಬ್ಲಾಗಿಗರೆಲ್ಲ ಕನ್ನಡ ಕುಟ್ಟಲು ಕಲಿತ 'ಬರಹ' ತಂತ್ರಾಂಶವನ್ನ ಶೇಷಾದ್ರಿವಾಸು ಅವರು ಹೊರತಂದಿದ್ದು 1998ರಲ್ಲಿ. ಆಗ ಸ್ಟೋರೂ ಇಲ್ಲ, ಸ್ಟಾರೂ ಇಲ್ಲ. ಆಂಡ್ರಾಯ್ಡ್, ಐಫೋನುಗಳ ಸ್ಟೋರು ತೆರೆದಿದ್ದೇ 2008ರಲ್ಲಿ. ಆಪಲ್ ಅಂತೂ ಡೆವಲಪರುಗಳಿಗೆ ಬಾಯಿ ಬಿಡೋಕೆ ಅವಕಾಶ ಕೊಟ್ಟಿದ್ದು 2017ರಲ್ಲಿ. ಅಲ್ಲಿಯವರೆಗೆ ಬೈಸಿಕೊಂಡು ಕೂತಿರೋದೊಂದೇ ದಾರಿ. ಈಗ ಬಾಯಿ ಕೊಟ್ಟಿದಾರೆ, ಅದನ್ನ ಬರೀ "ವಿಷಾದಿಸುತ್ತೇವೆ" ಅನ್ನೋಕೆ ಬಳಸೋದು ನಂಗೆ ಅನ್ಯಾಯ ಅನ್ಸತ್ತೆ.

ಬಾಯಿ ಇದೆ ಅಂತ ತಿರುಗಿ ಬೈಯೋರೂ ಇದಾರೆ. "ಓದೋಕೆ ಬರದೋರು ಆಪ್ ಯಾಕೆ ಹಾಕ್ಕೋತೀರಿ" ಅನ್ನೋ ಥರ. ಅದರ ಫೋಟೋ ಹಿಡಿದು ವಾಟ್ಸಾಪಿನಲ್ಲಿ ಹಂಚಿದರೆ ಮುಗೀತು, ಮೊದಲು ಬೈದವರು ಏನಂದಿದ್ರು ಅಂತ ಯಾರೂ ಕೇಳಲ್ಲ. ಹಾಗಾಗಿ ನಾನು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬರೀತೀನಿ.

ಎಲ್ಲಕ್ಕಿಂತ ಕಷ್ಟ "ವೇಸ್ಟ್" ಅಂತ ಒಂದೇ ಪದ ಬರೆದು ಹೋಗೋರದ್ದು. ಅಲ್ಲಿ ಸುಳ್ಳೂ ಇಲ್ಲ ನಿಜವೂ ಇಲ್ಲ, ಯಾವುದಕ್ಕೆ ಉತ್ತರ ಕೊಡೋದು? ಆದ್ರೆ ದೇವರಗುಡ್ಡದವರಿಗೆ ಒಂದು ಸಾಲಿನ ಮಾತು ಬಿಡಿಸೋದು ಹುಟ್ಟಿನಿಂದ ಬಂದ ವಿದ್ಯೆ. ದಸರಾ ಹೊತ್ತಿಗೆ ನಮ್ಮ ಮಾಲತೇಶ ದೇವರ ಕಾರಣಿಕ ಆಗುತ್ತೆ. ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರಿ, "ಸದ್ದಲೇ" ಅಂತ ಕೂಗಿ, ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಬೀಳ್ತಾನೆ. ಅಷ್ಟೇ. ಅಲ್ಲಿಂದ ಊರಿಡೀ ಶುರು. ಮಳೆ ಬಗ್ಗೆ ಹೇಳಿದ್ದು ಅಂತ ಒಬ್ಬ, ಅಲ್ಲ ಸರ್ಕಾರ ಬೀಳುತ್ತೆ ಅಂತ ಇನ್ನೊಬ್ಬ, ಮೆಣಸಿನಕಾಯಿಗೆ ರೇಟು ಬರುತ್ತೆ ಅಂತ ಮಗದೊಬ್ಬ. ಗೊರವಯ್ಯನನ್ನ ತಿರುಗಿ ಕೇಳೋ ಹಾಗಿಲ್ಲ, ಅದು ದೈವದ ನುಡಿ. ರಿವ್ಯೂ ದೈವದ ನುಡಿ ಅಲ್ಲವಲ್ಲ, ಕೇಳಬಹುದು. ಹಾಗಾಗಿ ಕೇಳ್ತೀನಿ. "ಯಾವುದು ವೇಸ್ಟ್ ಅನಿಸ್ತು ಅಂತ ಹೇಳಿದ್ರೆ ನೋಡ್ತೀನ್ರಿ." ಐದಾರು ಜನರಲ್ಲಿ ಒಬ್ಬರು ತಿರುಗಿ ಬಂದು ಬರೀತಾರೆ. "ರೇಟ್ ಬಿದ್ದೈತಿ, ವೇಸ್ಟ್" ಅಂದವರೂ ಬಂದರು. ಡಬ್ಬಿ ಹಾಕಿದ್ರಂತೆ, ಮಳೆಗೆ ಹಣ್ಣು ಕಪ್ಪಾಗಿತ್ತಂತೆ, ಸಾಲ ಮಾಡಿ ಹಾಕಿದ್ದಂತೆ. ಆಪಿನ ಬಗ್ಗೆ ಒಂದಕ್ಷರ ಇರಲಿಲ್ಲ. ಸ್ಟಾರೂ ಬದಲಾಯಿಸಲಿಲ್ಲ. ನಾನು ಕೇಳಲೂ ಇಲ್ಲ.

ಅವರ ಕಷ್ಟ ನಿಜ ಅಂದ ಮಾತ್ರಕ್ಕೆ ರಿವ್ಯೂ ನ್ಯಾಯ ಆಗಲ್ಲ. ಎರಡೂ ಒಟ್ಟಿಗೆ ಇರಬಹುದು. ಗೆಳೆಯನಿಗೆ ಅರ್ಥ ಮಾಡಿಸೋಕೆ ಆಗದೆ ಇದ್ದಿದ್ದು ಇದನ್ನೇ. ಅವನ ಪ್ರಕಾರ ಒಂದೋ ಅವರು ಕೆಟ್ಟವರು, ಇಲ್ಲಾ ನನ್ನ ಆಪು ಕೆಟ್ಟದ್ದು.

ಇನ್ನು ಆ ಮೂರನೆಯವರು, ದಲಾಲರ ಕಡೆ ಅಂದವರು. ಅವರು ತಿರುಗಿ ಬರಲೇ ಇಲ್ಲ. ರಿವ್ಯೂ ಹಾಗೇ ಇದೆ, ಕೆಳಗೆ ನನ್ನ ಉತ್ತರವೂ ಇದೆ. ಅಪ್ಪನಿಗೆ ಅದರ ಫೋಟೋ ಕಳಿಸಿದೆ. ಅವರು ಗೊಬ್ಬರದ ಅಂಗಡಿಯಲ್ಲಿ ತೋರಿಸಿದರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಮೊನ್ನೆ ನೋಡಿದಾಗ ಆ ರಿವ್ಯೂ ಉಪಯುಕ್ತ ಅಂತ ಹದಿನಾಲ್ಕು ಜನ ಒತ್ತಿದ್ದರು. ಒತ್ತಿದ್ದು ಅವರ ಮಾತಿಗೋ, ಕೆಳಗಿನ ನನ್ನ ಉತ್ತರಕ್ಕೋ ಅಂತ ಮಾತ್ರ ಗೂಗಲ್ ಹೇಳೋದಿಲ್ಲ.